ಬಾಲ್ಸಾಮಿಕ್, ಫಿಗ್ಮಾ ರಿವ್ಯೂ: ಅಡಿಕೆ ಸೊಸೈಟಿಯ ಸಾಫ್ಟ್‌ವೇರ್‌ಗೆ ರಿಕ್ವೈರ್‌ಮೆಂಟ್ ಕೇಳೋಕೆ ಬಳಸಿ ನೋಡಿದ್ದು

ಬಾಲ್ಸಾಮಿಕ್, ಫಿಗ್ಮಾ ಅಂದ್ರೆ ಸಾಫ್ಟ್‌ವೇರ್ ಕಟ್ಟೋ ಮೊದ್ಲು ಅದರ ಸ್ಕ್ರೀನ್ ಹೇಗಿರುತ್ತೆ ಅಂತ ಚಿತ್ರ ಬರೆದು ತೋರಿಸೋ ಟೂಲ್‌ಗಳು. ಫಿಗ್ಮಾ ಬಗ್ಗೆ ಯೂಟ್ಯೂಬ್ ತುಂಬಾ ರಿವ್ಯೂ ಇದೆ, ಬಾಲ್ಸಾಮಿಕ್ ಬಗ್ಗೆನೂ ಇದೆ, ಆದ್ರೆ ನಾನು ನೋಡಿದ್ದೆಲ್ಲಾ ಡಿಸೈನರ್‌ಗಳು ಡಿಸೈನರ್‌ಗಳಿಗೋಸ್ಕರ ಮಾಡಿದ್ದು. ಬಣ್ಣ, ಶ್ಯಾಡೋ, ಆಟೋ ಲೇಔಟ್, ಇದೇ ಮಾತು. ನಾನು ಬಿಸಿನೆಸ್ ಅನಾಲಿಸ್ಟ್. ಗಿರಾಕಿ ಎದುರು ಕೂತ್ಕೊಂಡು ಅವರ ಕೆಲಸ ಏನು, ಎಲ್ಲಿ ತೊಂದ್ರೆ, ಸಾಫ್ಟ್‌ವೇರ್ ಏನು ಮಾಡ್ಬೇಕು ಅಂತ ತಿಳ್ಕೊಂಡು ಬಂದು ಡೆವಲಪರ್‌ಗಳಿಗೆ ಹೇಳೋದು ನನ್ನ ಕೆಲಸ. ಆ ಕೆಲಸಕ್ಕೆ ಈ ಟೂಲ್‌ಗಳು ಎಷ್ಟರ ಮಟ್ಟಿಗೆ ಆಗಿಬರ್ತವೆ ಅನ್ನೋದನ್ನ ಮಾತ್ರ ಇಲ್ಲಿ ಬರೀತಿದೀನಿ. ಶಿರಸಿ ಕಡೆಯ ಒಂದು ಸಹಕಾರಿ ಸೊಸೈಟಿಗೆ ಅಡಿಕೆ ವಿಕ್ರಿ ಸಾಫ್ಟ್‌ವೇರ್ ಮಾಡೋವಾಗ ಎರಡನ್ನೂ ಚೆನ್ನಾಗಿ ದುಡಿಸಿಕೊಂಡಿದೀವಿ, ಉದಾಹರಣೆಗಳೆಲ್ಲಾ ಅಲ್ಲಿಂದಾನೇ.

ಮೊದ್ಲು ನನ್ನ ಅಳತೆಗೋಲು ಯಾವ್ದು ಅಂತ ಹೇಳ್ಬಿಡ್ತೀನಿ. ರಿಕ್ವೈರ್‌ಮೆಂಟ್ ಹಂತದಲ್ಲಿ, ಅಂದ್ರೆ ಏನು ಬೇಕು ಅಂತ ಕೇಳಿ ತಿಳ್ಕೊಳ್ಳೋವಾಗ, ಪ್ರೋಟೋಟೈಪ್ (ಸಾಫ್ಟ್‌ವೇರ್‌ನ ಮಾದರಿ) ತೋರಿಸೋದೇ ಎದುರಿಗಿರೋರು "ಇದು ತಪ್ಪು, ನಮ್ಮಲ್ಲಿ ಹಿಂಗೆ ಮಾಡಲ್ಲ" ಅಂತ ಬಾಯಿ ಬಿಡ್ಲಿ ಅಂತ. ವರ್ಷಾನುಗಟ್ಟಲೆ ಕೈಯಲ್ಲೇ ಕಿರ್ದಿ ಖತಾವಣಿ ಬರೆದವರನ್ನ ಕೂರಿಸ್ಕೊಂಡು ನಿಮಗೆ ಸಾಫ್ಟ್‌ವೇರ್‌ನಲ್ಲಿ ಏನೇನು ಬೇಕು ಅಂತ ಕೇಳಿದ್ರೆ ಪಾಪ ಅವರು ಏನು ಹೇಳ್ತಾರೆ, ಬೇಗ ಆಗ್ಬೇಕು, ಲೆಕ್ಕ ತಪ್ಪಬಾರ್ದು ಅಂತಾರೆ. ದಿನಾ ಮಾಡೋ ಕೆಲಸದ ಸೂಕ್ಷ್ಮ ಎಲ್ಲಾ ಅವರಿಗೆ ಎಷ್ಟು ಅಭ್ಯಾಸ ಆಗಿರುತ್ತೆ ಅಂದ್ರೆ ಅದನ್ನ ಬಾಯಿಬಿಟ್ಟು ಹೇಳ್ಬೇಕು ಅಂತಾನೇ ಅನ್ಸಲ್ಲ. ಅದೇ ಒಂದು ಸ್ಕ್ರೀನ್ ಮುಂದಿಟ್ಟು ಇದ್ರಲ್ಲಿ ಇವತ್ತಿನ ವ್ಯವಹಾರ ಮಾಡಿ ತೋರಿಸಿ ಅಂದ್ರೆ ಹತ್ತು ನಿಮಿಷದಲ್ಲಿ ತಪ್ಪು ಹಿಡೀತಾರೆ. ಹಾಗಾಗಿ ಟೂಲ್ ಎಷ್ಟು ಒಳ್ಳೇದು ಅಂತ ನಾನು ನೋಡೋದು ಒಂದೇ ವಿಷಯದಲ್ಲಿ, ಅದ್ರಲ್ಲಿ ಮಾಡಿದ ಚಿತ್ರ ನೋಡಿ ಗುಮಾಸ್ತರು ಪೆನ್ನು ತಗೊಂಡು ಕಾಟು ಹಾಕೋಕೆ ಎಷ್ಟು ಬೇಗ ತಯಾರಾಗ್ತಾರೆ ಅನ್ನೋದ್ರಲ್ಲಿ.

ಈ ವಿಷಯದಲ್ಲಿ ಬಾಲ್ಸಾಮಿಕ್ ಗೆಲ್ಲುತ್ತೆ, ಅದ್ರಲ್ಲಿ ಅನುಮಾನಾನೇ ಇಲ್ಲ. ಇಟಲಿಯ ಜಾಕೊಮೊ ಗುಯಿಲಿಝೋನಿ ಅನ್ನೋರು 2008ರಲ್ಲಿ ಶುರು ಮಾಡಿದ್ದು ಇದು, ಆಗಿಂದ ಈಗಿನವರೆಗೂ ಅದರ ಗುಣ ಒಂದೇ, ಬೇರೆ ಸೆಟ್ಟಿಂಗ್ ಆರಿಸದಿದ್ರೆ ಏನೇ ಬರೆದ್ರೂ ಕೈಯಲ್ಲಿ ಗೀಚಿದ ಹಾಗೇ ಕಾಣುತ್ತೆ. ಬಟನ್ ಗೆರೆ ಅಂಕುಡೊಂಕು, ಅಕ್ಷರ ಯಾರೋ ಸ್ಕೆಚ್ ಪೆನ್ನಲ್ಲಿ ಬರೆದ ಹಾಗೆ, ಬಣ್ಣ ಅಂತ ಹೆಚ್ಚೇನಿಲ್ಲ. ಮೊದಲ ಸಲ ನೋಡಿದವರಿಗೆ ಇದೇನು ಮಕ್ಕಳ ಡ್ರಾಯಿಂಗ್ ಅನ್ಸುತ್ತೆ. ಆದ್ರೆ ಅದರ ಬಲ ಇರೋದೇ ಅಲ್ಲಿ. ಇನ್ನೂ ಮುಗಿದಿಲ್ಲ ಅಂತ ಕಣ್ಣಿಗೇ ಗೊತ್ತಾಗೋ ವಸ್ತುವನ್ನ ತಿದ್ದೋಕೆ ಯಾರೂ ಸಂಕೋಚ ಪಡಲ್ಲ, ನಮ್ಮ ಕಡೆ ಜನ ಮೊದ್ಲೇ ದಾಕ್ಷಿಣ್ಯದವರು, ಊರಿಂದ ಬಂದ ಹುಡುಗ್ರು ರಾತ್ರಿ ಹಗಲು ಕೂತು ಮಾಡಿದಾರೆ ಅಂತ ಕಂಡ್ರೆ ತಪ್ಪಿದ್ರೂ ಚೆನ್ನಾಗಿದೆ ಅಂದು ಚಾ ಕೊಟ್ಟು ಕಳಿಸ್ತಾರೆ.

ಟೆಂಡರ್ ಸ್ಕ್ರೀನ್‌ನೇ ತಗೊಳ್ಳಿ. ಸೊಸೈಟಿಯವರು ಮೊದ್ಲೇ ಕೊಟ್ಟಿದ್ದ ಬರಹದಲ್ಲಿ ಇದ್ದಿದ್ದು ಒಂದೇ ಸಾಲು, ಹೆಚ್ಚಿನ ದರ ಹಾಕಿದ ವ್ಯಾಪಾರಿಗೆ ಮಾಲು ವಿಕ್ರಿ ಆಗತಕ್ಕದ್ದು ಅಂತ. ಅದನ್ನೇ ಬಾಲ್ಸಾಮಿಕ್‌ನಲ್ಲಿ ಗೀಚಿದ್ವಿ. ಎಡಗಡೆ ಲಾಟ್ ನಂಬರು (ಲಾಟ್ ಅಂದ್ರೆ ಬೆಳೆಗಾರ ಒಟ್ಟಿಗೆ ವಿಕ್ರಿಗಿಟ್ಟ ಮಾಲು), ಬೆಳೆಗಾರರ ಹೆಸರು, ಯಾವ ಅಡಿಕೆ (ರಾಶಿನೋ, ಚಾಲಿನೋ, ಬೆಟ್ಟೆನೋ, ಕೆಂಪುಗೋಟೋ, ಬಿಳೆಗೋಟೋ), ಎಷ್ಟು ಚೀಲ. ಬಲಗಡೆ ವ್ಯಾಪಾರಿಗಳು ಹಾಕಿದ ರೇಟುಗಳು, ಕೆಳಗೆ ವಿಕ್ರಿ ಅಂತ ಒಂದು ಬಟನ್. ಪ್ರಿಂಟ್ ತೆಗೆದು ಹಿರಿಯ ಗುಮಾಸ್ತರ ಮುಂದಿಟ್ವಿ. ಅವರು ಕನ್ನಡಕ ಏರಿಸ್ಕೊಂಡು ಬಟನ್ ಮೇಲೆ ಬೆರಳಿಟ್ಟು "ತಮ್ಮಾ, ಇದನ್ನ ಒತ್ತೂದು ಯಾರು?" ಅಂದ್ರು. ನೀವೇ ಭಟ್ರೇ ಅಂದೆ. "ನಾ ಹ್ಯಾಂಗೆ ಒತ್ತೂದು? ಬೆಳೆಗಾರ ಹೂಂ ಅನ್ಬೇಕಲ. ರೇಟು ಸಾಲೂದಿಲ್ಲ ಅಂದ್ರೆ ಮಾಲು ಹಾಂಗೇ ಇಡೂದು." ಅಂದು ಎದ್ದು ಹೋಗಿ ಹಳೇ ರಿಜಿಸ್ಟರ್ ತಂದು ತೆಗೆದ್ರು. ಪುಟದ ಅಂಚಲ್ಲಿ ಕೆಲವು ಲಾಟ್‌ಗಳ ಎದುರಿಗೆ ಕೆಂಪು ಪೆನ್ನಲ್ಲಿ ಒಂದು ಸಣ್ಣ ಅಡ್ಡಗೀಟು ಇತ್ತು, ಅದೇ ಕೊಟ್ಟಿಲ್ಲ ಅನ್ನೋ ಗುರುತು. ಕೆಲವಕ್ಕೆ ಗೀಟಿನ ಪಕ್ಕ ಒಂದು ಚುಕ್ಕೆ. ಅದೇನು ಅಂದ್ರೆ ಬೆಳೆಗಾರ ಮನೆಯಲ್ಲಿದಾನೆ, ಫೋನ್ ಮಾಡಿ ಕೇಳ್ಬೇಕು ಅಂತ.

ಆ ಗೀಟು ಚುಕ್ಕೆ ಯಾವ ಡಾಕ್ಯುಮೆಂಟಲ್ಲೂ ಇರಲಿಲ್ಲ, ಯಾವ ಮೀಟಿಂಗಲ್ಲೂ ಬಂದಿರಲಿಲ್ಲ. ಅದ್ರಿಂದ ಸಾಫ್ಟ್‌ವೇರ್‌ನಲ್ಲಿ ಎಷ್ಟು ಬದಲಾಯ್ತು ನೋಡಿ: ಲಾಟ್‌ಗೆ ವಿಕ್ರಿ ಆಯ್ತು ಅನ್ನೋ ಒಂದೇ ಸ್ಥಿತಿ ಇದ್ದಿದ್ದು ಒಪ್ಪಿಗೆ ಬಾಕಿ, ಒಪ್ಪಿಲ್ಲ, ಮುಂದಿನ ಟೆಂಡರ್‌ಗೆ ಅಂತೆಲ್ಲಾ ಕವಲೊಡೀತು, ಬಾಕಿ ಇಟ್ಟ ಲಾಟ್‌ಗೆ ವ್ಯಾಪಾರಿ ಎಷ್ಟು ಹೊತ್ತು ಕಾಯ್ಬೇಕು ಅನ್ನೋ ಪ್ರಶ್ನೆ ಎದ್ದಿತು, ಗೋಡೌನಲ್ಲಿ ಹಾಗೇ ಉಳಿದ ಮಾಲಿಗೆ ಬೇರೆ ಲೆಕ್ಕ ಬೇಕಾಯ್ತು. ಕೋಡ್ ಬರೆದು ಮುಗಿಸಿದ ಮೇಲೆ ಇದು ಗೊತ್ತಾಗಿದ್ರೆ ಡೇಟಾಬೇಸನ್ನೇ ಕೆಡವಬೇಕಿತ್ತು. ಇಲ್ಲಿ ಒಂದು ಹಾಳೆ ಹರಿದು ಇನ್ನೊಂದು ಗೀಚಿದ್ರೆ ಆಯ್ತು.

ಹೆಸರು ಹುಡುಕೋದ್ರಲ್ಲೂ ಇದೇ ಕಥೆ. ನಾವು ಎಲ್ಲಾ ಕಡೆ ಮಾಡೋ ಹಾಗೆ ಮೇಲೊಂದು ಹುಡುಕೋ ಡಬ್ಬಿ ಇಟ್ಟಿದ್ವಿ. ಶಿರಸಿ ಸೀಮೆಯಲ್ಲಿ ಗಣಪತಿ ಹೆಗಡೆ ಅಂತ ಹುಡುಕಿದ್ರೆ ಏನಾಗುತ್ತೆ ಅಂತ ಆ ಕಡೆಯವರಿಗೆ ಹೇಳ್ಬೇಕಾಗಿಲ್ಲ, ಅದೇ ಹೆಸರಿನವರು ಸಾಲುಸಾಲಾಗಿ ಬರ್ತಾರೆ. ಕೌಂಟರಲ್ಲಿ ಕೂರೋ ಹುಡುಗಿ ಮೊದ್ಲು ಊರು ಕೇಳ್ತಾಳೆ, ಆಮೇಲೆ ಮನೆ ಯಾವ್ದು ಅಂತ ಕೇಳ್ತಾಳೆ, ಹೆಸರು ಕೊನೆಗೆ. ಸ್ಕ್ರೀನೂ ಅದೇ ಕ್ರಮಕ್ಕೆ ತಿರುಗಿತು.

ಬಾಲ್ಸಾಮಿಕ್‌ನಲ್ಲಿ ಕನ್ನಡ ಬರೆಯೋ ವಿಷಯ ಹೇಳ್ಬೇಕು, ಯಾಕಂದ್ರೆ ಇದನ್ನ ಯಾವ ರಿವ್ಯೂನಲ್ಲೂ ಹೇಳಲ್ಲ. ಅದರದ್ದೇ ಆದ ಬಾಲ್ಸಾಮಿಕ್ ಸ್ಯಾನ್ಸ್ ಫಾಂಟಲ್ಲಿ ಲ್ಯಾಟಿನ್ ಮತ್ತೆ ಸಿರಿಲಿಕ್ ಅಕ್ಷರ ಇದೆ, ಕನ್ನಡ ಇಲ್ಲ. ಹಾಗಾಗಿ ಸಿಸ್ಟಮ್ ಫಾಂಟ್ ಬಳಸೋ ಹಾಗೆ ಮಾಡ್ಕೊಂಡು ಕನ್ನಡ ಹಾಕ್ಬೇಕು, ಆಗ ಗೆರೆಗಳು ಒರಟಾಗಿದ್ರೂ ಅಕ್ಷರ ಮಾತ್ರ ಅಚ್ಚಿನ ಥರ ನೀಟಾಗಿ ಬರುತ್ತೆ, ಗೀಚಿದ ಕಳೆ ಅರ್ಧ ಹೋಗುತ್ತೆ. ಇದಕ್ಕೊಂದು ಕೈಬರಹದ ಥರ ಇರೋ ಕನ್ನಡ ಫಾಂಟ್ ಕಂಪ್ಯೂಟರಲ್ಲಿ ಹಾಕ್ಕೊಂಡ್ರೆ ಸರಿ ಹೋಗುತ್ತೆ. ಸಣ್ಣ ವಿಷಯ ಅನ್ಸ್ಬೋದು, ಆದ್ರೆ ಇಂಗ್ಲಿಷ್ ಲೇಬಲ್ ಇಟ್ಟು ತೋರಿಸಿದ್ರೆ ಹಮಾಲಿ ಲೆಕ್ಕ ಬರೆಯೋರಾಗ್ಲಿ ತೂಕ ಮಾಡೋರಾಗ್ಲಿ ಸುಮ್ನೆ ತಲೆ ಆಡಿಸ್ತಾರೆ, ಕನ್ನಡದಲ್ಲಿ ಅವರದ್ದೇ ಶಬ್ದ ಇಟ್ರೆ ಮಾತಾಡ್ತಾರೆ. ಲಾಗಿನ್ ಅಂತ ಇಂಗ್ಲಿಷಲ್ಲೇ ಇರ್ಲಿ ಪರವಾಗಿಲ್ಲ, ಮಹಸೂಲು ಅನ್ನೋ ಕಡೆ ಪ್ರೊಡ್ಯೂಸ್ ಅಂತ ಹಾಕ್ಬೇಡಿ.

ಈಗ ಫಿಗ್ಮಾಗೆ ಬರೋಣ. ಡಿಲನ್ ಫೀಲ್ಡ್, ಇವಾನ್ ವಾಲೇಸ್ ಸೇರಿ 2012ರಲ್ಲಿ ಶುರು ಮಾಡಿದ ಕಂಪನಿ, 2022ರಲ್ಲಿ ಅಡೋಬಿ 2000 ಕೋಟಿ ಡಾಲರ್ ಕೊಟ್ಟು ತಗೊಳ್ತೀವಿ ಅಂತ ಘೋಷಣೆ ಮಾಡಿ ಮರುವರ್ಷ ಡಿಸೆಂಬರ್‌ನಲ್ಲಿ ಕೈಬಿಟ್ಟಿದ್ದು ಎಲ್ಲರಿಗೂ ಗೊತ್ತಿರ್ಬೋದು. ಟೂಲ್ ಅದ್ಭುತವಾಗಿದೆ. ಬ್ರೌಸರಲ್ಲೇ ನಡೆಯುತ್ತೆ, ಬೆಂಗಳೂರಲ್ಲಿ ಕೂತ ಡೆವಲಪರ್ ನೋಡ್ತಿರೋ ಹಾಗೇ ಇಲ್ಲಿ ನಾನು ತಿದ್ದಬಹುದು, ಸ್ಕ್ರೀನಿಂದ ಸ್ಕ್ರೀನಿಗೆ ಬಾಣ ಎಳೆದ್ರೆ ಕ್ಲಿಕ್ ಮಾಡಿ ನೋಡೋ ಪ್ರೋಟೋಟೈಪ್ ರೆಡಿ. ಕನ್ನಡನೂ ಚೆನ್ನಾಗಿ ಬರುತ್ತೆ, ಗೂಗಲ್ ಫಾಂಟ್‌ಗಳು ಅಲ್ಲೇ ಸಿಗೋದ್ರಿಂದ ನೋಟೋ ಸ್ಯಾನ್ಸ್ ಕನ್ನಡ ಆರಿಸಿದ್ರೆ ಒತ್ತಕ್ಷರ ಎಲ್ಲಾ ಸರಿಯಾಗಿ ಕೂರುತ್ತೆ. ಲೈನ್ ಹೈಟ್ ಮಾತ್ರ ಇಂಗ್ಲಿಷಿಗಿಂತ ಜಾಸ್ತಿ ಕೊಡಿ, ಇಲ್ದಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ. ಇನ್ನೊಂದು, ಸೊಸೈಟಿಗಳಲ್ಲಿ ಹಳೇ ಫೈಲೆಲ್ಲಾ ನುಡಿ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ ಹಳೇ ಥರದ) ಫಾಂಟಲ್ಲಿ ಟೈಪ್ ಮಾಡಿರ್ತಾರೆ, ಅದನ್ನ ಕಾಪಿ ಮಾಡಿ ಫಿಗ್ಮಾದಲ್ಲಿ ಅಂಟಿಸಿದ್ರೆ ಏನೇನೋ ಗುರುತು ಬರುತ್ತೆ, ಮೊದ್ಲು ಯೂನಿಕೋಡ್‌ಗೆ ಪರಿವರ್ತನೆ ಮಾಡ್ಕೊಂಡೇ ತನ್ನಿ. ಇದು ಫಿಗ್ಮಾದ ತಪ್ಪೇನಲ್ಲ.

ಆದ್ರೆ ಕೇಳಿ ತಿಳ್ಕೊಳ್ಳೋ ಮೊದಲ ಹಂತಕ್ಕೆ ಫಿಗ್ಮಾ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಅದ್ರಲ್ಲಿ ಏನು ಮಾಡಿದ್ರೂ ಚಂದ ಕಾಣುತ್ತೆ. ಚಂದ ಕಂಡ ಕೂಡ್ಲೇ ಮಾತು ಬೇರೆ ದಾರಿ ಹಿಡಿಯುತ್ತೆ, ಈ ಹಸಿರು ಸ್ವಲ್ಪ ತಿಳಿ ಮಾಡಿ, ಸೊಸೈಟಿ ಲಾಂಛನ ದೊಡ್ಡದು ಮಾಡಿ, ಅಧ್ಯಕ್ಷರ ಫೋಟೋ ಎಲ್ಲಿ ಅಂತ. ಅದೂ ಬೇಕಾದ್ದೇ, ಆದ್ರೆ ಆಮೇಲೆ. ಇದಕ್ಕಿಂತ ದೊಡ್ಡ ತೊಂದ್ರೆ ಇನ್ನೊಂದಿದೆ. ಕ್ಲಿಕ್ ಮಾಡಿದ್ರೆ ಸ್ಕ್ರೀನ್ ಬದಲಾಗೋದು ನೋಡಿದ ಆಡಳಿತ ಮಂಡಳಿಯವರು ಆಯ್ತಲ್ಲ, ಬರೋ ಸೋಮವಾರದ ಟೆಂಡರ್‌ನಿಂದಾನೇ ಶುರು ಮಾಡಿ ಅಂತಾರೆ. ಇದು ಬರೀ ಮುಖ, ಹಿಂದೆ ಏನೂ ಇಲ್ಲ ಅಂತ ಎಷ್ಟು ಬಿಡಿಸಿ ಹೇಳಿದ್ರೂ ಕಣ್ಣಾರೆ ಕಂಡಿದ್ದರ ಮುಂದೆ ನಮ್ಮ ಮಾತು ನಡೆಯಲ್ಲ.

ಎರಡನೇ ಹಂತಕ್ಕೆ, ಅಂದ್ರೆ ಕೇಳಿದ್ದೆಲ್ಲಾ ಒಂದು ರೂಪಕ್ಕೆ ಬಂದ ಮೇಲೆ ನಾವು ಅರ್ಥ ಮಾಡ್ಕೊಂಡಿದ್ದು ಸರಿ ಇದೆಯಾ ಅಂತ ತಾಳೆ ನೋಡೋಕೆ, ಫಿಗ್ಮಾದಷ್ಟು ಒಳ್ಳೇದು ಬೇರೆ ಇಲ್ಲ. ಅಲ್ಲಿ ನಿಜವಾದ ಪ್ರಕರಣ ತಗೊಂಡು ಮೊದಲಿಂದ ಕೊನೆವರೆಗೆ ನಡೆಸ್ಬೇಕು. ಹೆಸರು ಬದಲಿಸಿ, ಆದ್ರೆ ತೂಕ, ರೇಟು, ಸಾಲ ಎಲ್ಲಾ ಅವರ ಹಳೇ ಪಟ್ಟಿಯಿಂದಾನೇ (ಪಟ್ಟಿ ಅಂದ್ರೆ ವಿಕ್ರಿ ಆದ ಮಾಲಿನ ಲೆಕ್ಕದ ಬಿಲ್ಲು) ತಗೊಳ್ಳಿ. ರಾಶಿ ಅಡಿಕೆ ಕ್ವಿಂಟಲ್‌ಗೆ 1,000 ರೂಪಾಯಿ ಅಂತ ಏನೋ ಒಂದು ತುಂಬಿಸಿಟ್ರೆ ನೋಡಿದವರ ಗಮನ ಪೂರ್ತಿ ಆ ಅಂಕಿ ಮೇಲೇ ಹೋಗುತ್ತೆ, ಹತ್ತಾರು ಸಾವಿರದ ನಿಜವಾದ ರೇಟು ಇದ್ರೆ ಮುಂದಿನ ಸಾಲು ಓದ್ತಾರೆ.

ಹಾಗೆ ಓದಿದ್ದಕ್ಕೇ ಸಾಲ ಕಡಿತದ ವಿಷಯ ಸಿಕ್ಕಿದ್ದು. ಸೊಸೈಟಿಯಿಂದ ಬೆಳೆಸಾಲ ತಗೊಂಡವರ ಅಡಿಕೆ ವಿಕ್ರಿ ಆದಾಗ ಬಾಕಿಯನ್ನ ಆ ಹಣದಲ್ಲೇ ಹಿಡ್ಕೊಳ್ತಾರೆ ಅಂತ ನಿಯಮ, ನಾವೂ ಹಾಗೇ ಮಾಡಿದ್ವಿ, ಪಟ್ಟಿ ತಯಾರಾಗೋ ಹೊತ್ತಿಗೆ ಬಾಕಿ ತಾನಾಗೇ ಕಳೆದು ಉಳಿದಿದ್ದು ಖಾತೆಗೆ ಹೋಗುತ್ತೆ. ಸೆಕ್ರೆಟರಿ ಅವರು ಫಿಗ್ಮಾದಲ್ಲಿ ಒಂದೊಂದೇ ಒತ್ತುತ್ತಾ ಬಂದು ಈ ಜಾಗದಲ್ಲಿ ನಿಂತ್ಬಿಟ್ರು. ಒಬ್ಬರ ಮನೆಯಲ್ಲಿ ಮಗಳ ಮದುವೆ ಇರುತ್ತೆ, ಇನ್ನೊಬ್ಬರ ಮನೆಯಲ್ಲಿ ಯಾರೋ ಆಸ್ಪತ್ರೆಯಲ್ಲಿರ್ತಾರೆ, ಅಂಥವರಿಗೆ ಈ ಸಲ ಅರ್ಧ ಹಿಡಿದು ಉಳಿದಿದ್ದು ಮುಂದಿನ ವಿಕ್ರಿಗೆ ಅಂತ ಬಿಡೋದುಂಟು, ಅದನ್ನ ಸೆಕ್ರೆಟರಿ ಅಧ್ಯಕ್ಷರು ಮಾತಾಡ್ಕೊಂಡು ಒಂದು ಚೀಟಿ ಮೇಲೆ ಬರೆದು ಸಹಿ ಹಾಕ್ತಾರೆ. ಆ ಚೀಟಿ ನಮ್ಮ ಸಾಫ್ಟ್‌ವೇರಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಹಾಗೇ ಕಟ್ಟಿದ್ರೆ ಸೊಸೈಟಿ ತನ್ನ ಸದಸ್ಯರನ್ನ ನಡೆಸ್ಕೊಂಡು ಬಂದ ರೀತಿಯನ್ನೇ ಒಂದು ಪ್ರೋಗ್ರಾಂ ಬದಲಾಯಿಸಿಬಿಡ್ತಿತ್ತು, ಅದೂ ಯಾರೂ ತೀರ್ಮಾನ ಮಾಡದೇನೇ. ಪ್ರೋಟೋಟೈಪ್ ಯಾಕೆ ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಈಗ ಈ ಚೀಟಿ ಕಥೆ ಹೇಳ್ತೀನಿ.

ಫಿಗ್ಮಾದ ದೊಡ್ಡ ಕೊರತೆ ಅಂದ್ರೆ ಬಾಣ ಎಳೆದು ಮಾಡೋ ಮಾಮೂಲಿ ಪ್ರೋಟೋಟೈಪಲ್ಲಿ ನಿಜವಾಗಿ ಟೈಪ್ ಮಾಡೋ ಡಬ್ಬಿ ಇಲ್ಲ. 2023ರಲ್ಲಿ ವೇರಿಯಬಲ್ (ಅಂಕಿ, ಹೆಸರು ನೆನಪಿಡೋದು), ಕಂಡೀಶನ್ (ಹೀಗಾದ್ರೆ ಹಾಗೆ ಅನ್ನೋದು) ಎಲ್ಲಾ ಬಂತು, ಅದ್ರಿಂದ ಸುಮಾರು ಕಸರತ್ತು ಮಾಡ್ಬೋದು, ಆದ್ರೂ ತೂಕ ಹಾಕೋರು ಕೀಬೋರ್ಡಲ್ಲಿ 52.4 ಅಂತ ಹೊಡೆದು ಮೊತ್ತ ಬದಲಾಗೋದನ್ನ ನೋಡೋಕಾಗಲ್ಲ. ದಿನಕ್ಕೆ ನೂರಾರು ಚೀಲ ನಮೂದಿಸೋ ಜಾಗಕ್ಕೆ ಇದು ಸಾಲಲ್ಲ. ಆಕ್ಸ್ಯೂರ್ ಅನ್ನೋ ಇನ್ನೊಂದು ಟೂಲಲ್ಲಿ ನಿಜವಾದ ಡಬ್ಬಿ ಇದೆ, ಕಲಿಯೋಕೆ ಹೊತ್ತು ಹಿಡಿಯುತ್ತೆ.

ಲೆಕ್ಕದ ವಿಷಯಕ್ಕೆ ಎರಡನ್ನೂ ಬದಿಗಿಟ್ಟು ಎಕ್ಸೆಲ್ ಶೀಟ್ ಹಿಡೀರಿ. ಇದನ್ನ ಯಾರೂ ಪ್ರೋಟೋಟೈಪ್ ಅಂತ ಕರೆಯಲ್ಲ, ಆದ್ರೆ ನಿಯಮ ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ. ಗೋಣಿಚೀಲಕ್ಕೆ ಇಷ್ಟು ಕಳೀಬೇಕು ಪ್ಲಾಸ್ಟಿಕ್ ಚೀಲಕ್ಕೆ ಇಷ್ಟು, ಹಮಾಲಿ ಇಷ್ಟು, ಸೊಸೈಟಿ ಕಮಿಷನ್ ಇಷ್ಟು ಅಂತ ಸೂತ್ರ ಹಾಕಿ, ಹಳೇ ಪಟ್ಟಿಗಳನ್ನ ಒಂದೊಂದಾಗಿ ಅದ್ರಲ್ಲಿ ತುಂಬಿ ಅವರ ಮೊತ್ತಕ್ಕೂ ನಮ್ಮ ಮೊತ್ತಕ್ಕೂ ತಾಳೆ ನೋಡಿ. ನಮ್ಮಲ್ಲಿ ಕೆಲವು ಪಟ್ಟಿ ರೂಪಾಯಿ ಎರಡು ರೂಪಾಯಿ ತಪ್ತಿತ್ತು. ಹುಡುಕಿದ್ರೆ ಗುಮಾಸ್ತರು ಪ್ರತಿ ಲಾಟ್‌ಗೂ ಪೈಸೆ ಬಿಟ್ಟು ರೂಪಾಯಿಗೆ ತರ್ತಾರೆ, ನಮ್ಮ ಸೂತ್ರ ಎಲ್ಲಾ ಕೂಡಿಸಿ ಕೊನೆಗೊಮ್ಮೆ ತರ್ತಿತ್ತು. ಬೆಳೆಗಾರ ಮನೆಗೆ ಹೋಗಿ ಕೈಲೆಕ್ಕ ಹಾಕಿ ನೋಡೋನು, ಒಂದು ರೂಪಾಯಿ ಹೆಚ್ಚುಕಮ್ಮಿ ಆದ್ರೂ ಕಂಪ್ಯೂಟರ್ ಬಂದ ಮೇಲೆ ಲೆಕ್ಕ ಕೆಡ್ತು ಅಂತಾನೆ, ಅವನು ಹೇಳೋದ್ರಲ್ಲಿ ನ್ಯಾಯ ಇದೆ.

ತೂಕದ ಕಾಟಾ ಹತ್ರ ಇನ್ನೂ ಸರಳ, ಸ್ಕ್ರೀನ್ ಅಳತೆಯ ರಟ್ಟಿನ ತುಂಡಿಗೆ ಪ್ರಿಂಟ್ ಅಂಟಿಸಿ ಗೋಡೆಗೆ ಒರಗಿಸಿಟ್ವಿ. ಪಾಮ್ ಪೈಲಟ್ ಅನ್ನೋ ಜೇಬಿನ ಕಂಪ್ಯೂಟರ್ ಮಾಡಿದ ಜೆಫ್ ಹಾಕಿನ್ಸ್ ಆ ಯಂತ್ರ ತಯಾರಾಗೋ ಮೊದ್ಲು ಅದೇ ಅಳತೆಯ ಮರದ ತುಂಡನ್ನ ಜೇಬಲ್ಲಿಟ್ಕೊಂಡು ಓಡಾಡಿ, ಯಾರಾದ್ರೂ ಭೇಟಿ ಸಮಯ ಕೇಳಿದ್ರೆ ಅದನ್ನ ತೆಗೆದು ಬರೆದ ಹಾಗೆ ಮಾಡ್ತಿದ್ರಂತೆ, ಅದೇ ಉಪಾಯ. ರಟ್ಟು ಇಟ್ಟ ಮೇಲೆ ಗೊತ್ತಾಗಿದ್ದು ಏನಂದ್ರೆ ತೂಕ ಕೂಗಿ ಹೇಳೋನು ಬೇರೆ, ಬರೆಯೋನು ಬೇರೆ, ನಡುವೆ ಚೀಲದ ರಾಶಿ, ಕೈಯೆಲ್ಲಾ ಧೂಳು. ಸಣ್ಣ ಅಕ್ಷರ, ಟಚ್ ಸ್ಕ್ರೀನ್ ಎರಡೂ ಅಲ್ಲಿಗೆ ಆಗಲ್ಲ, ದೊಡ್ಡ ಅಂಕಿ ಮತ್ತೆ ನಂಬರ್ ಕೀಪ್ಯಾಡ್ ಬೇಕು.

ಇಷ್ಟೆಲ್ಲಾ ಹೊಗಳಿದ ಮೇಲೆ ಪ್ರೋಟೋಟೈಪ್ ಏನು ಮಾಡಲ್ಲ ಅನ್ನೋದನ್ನೂ ಹೇಳ್ಬೇಕು. 1984ರಲ್ಲಿ ಸಾಫ್ಟ್‌ವೇರ್ ಸಂಶೋಧಕ ಬ್ಯಾರಿ ಬೋಹ್ಮ್ ಮತ್ತೆ ಜೊತೆಗಾರರು ಏಳು ತಂಡಕ್ಕೆ ಒಂದೇ ಸಾಫ್ಟ್‌ವೇರ್ ಕಟ್ಟೋಕೆ ಕೊಟ್ಟ ಒಂದು ಪ್ರಯೋಗ ಪ್ರಕಟ ಮಾಡಿದ್ರು, ನಾಲ್ಕು ತಂಡ ಮೊದ್ಲು ಡಾಕ್ಯುಮೆಂಟ್ ಬರೆದವು, ಮೂರು ತಂಡ ಪ್ರೋಟೋಟೈಪ್ ಮಾಡಿದವು. ಪ್ರೋಟೋಟೈಪ್ ತಂಡಗಳ ಕೋಡ್ ಸುಮಾರು 40% ಕಮ್ಮಿ, ಶ್ರಮ 45% ಕಮ್ಮಿ, ಬಳಸೋಕೂ ಕಲಿಯೋಕೂ ಸುಲಭ ಅಂತ ಬಂತು. ಆದ್ರೆ ಗಟ್ಟಿತನದಲ್ಲಿ ಅವು ಸ್ವಲ್ಪ ಹಿಂದೆ, ಡಾಕ್ಯುಮೆಂಟ್ ಬರೆದವರ ವಿನ್ಯಾಸ ಹೆಚ್ಚು ಅಚ್ಚುಕಟ್ಟು. ಸೊಸೈಟಿ ಕೆಲಸದಲ್ಲೂ ನನಗೆ ಕಂಡಿದ್ದು ಅದೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟೆಂಡರ್ ಅರ್ಧಕ್ಕೆ ನಿಂತ್ರೆ ಏನು, ಮಾರ್ಚ್ ಕೊನೆಗೆ ವರ್ಷದ ಲೆಕ್ಕ ಮುಚ್ಚೋವಾಗ ಒಪ್ಪಿಗೆ ಬಾಕಿ ಇರೋ ಲಾಟ್ ಯಾವ ವರ್ಷಕ್ಕೆ ಸೇರುತ್ತೆ, ಆಡಿಟರ್ ಕೇಳಿದ್ರೆ ಯಾರು ಯಾವಾಗ ತಿದ್ದಿದ್ರು ಅಂತ ತೋರಿಸೋದು ಹೇಗೆ, ಇದ್ಯಾವ್ದೂ ಸ್ಕ್ರೀನ್ ಚಿತ್ರ ನೋಡಿ ಹೊಳೆಯಲ್ಲ. ಅದಕ್ಕೆ ಕೂತು ಬರೀಲೇಬೇಕು. ಮತ್ತೆ ಪ್ರೋಟೋಟೈಪಲ್ಲಿ ಸಿಕ್ಕ ಪ್ರತಿ ತೀರ್ಮಾನನೂ ಅದರ ಕಾರಣದ ಜೊತೆ ಬರೆದಿಡ್ಬೇಕು, ಬರೀ ಚಿತ್ರ ನೋಡಿದ ಡೆವಲಪರ್‌ಗೆ ಆ ಚೀಟಿ ಯಾಕೆ ಇದೆ ಅಂತ ತಿಳಿಯಲ್ಲ, ಮುಂದೆ ಯಾರೋ ಬೇಡದ ಡಬ್ಬಿ ಅಂತ ಕಿತ್ತು ಹಾಕ್ತಾರೆ.

ಈಗ ಫಿಗ್ಮಾ ಮೇಕ್ ಥರದ ಎಐ ಟೂಲ್ ಬಂದಿದಾವೆ, ಬೇಕಾದ್ದನ್ನ ಮಾತಲ್ಲಿ ಹೇಳಿದ್ರೆ ಟೈಪ್ ಮಾಡೋಕೆ ಬರೋ ಸ್ಕ್ರೀನ್ ಕೂಡ್ಲೇ ಮಾಡ್ಕೊಡ್ತವೆ. ಟೈಪ್ ಮಾಡೋಕಾಗಲ್ಲ ಅನ್ನೋ ಕೊರತೆಗೆ ಇದು ಒಳ್ಳೇ ಪರಿಹಾರ, ಆದ್ರೆ ಬಂದಿದ್ದು ಪೂರ್ತಿ ಮುಗಿದ ಸಾಫ್ಟ್‌ವೇರ್ ಥರಾನೇ ಕಾಣೋದ್ರಿಂದ ಮೇಲೆ ಹೇಳಿದ ಸೋಮವಾರದಿಂದ ಶುರು ಮಾಡಿ ಅನ್ನೋ ಒತ್ತಡ ಇನ್ನೂ ಜಾಸ್ತಿ ಆಗುತ್ತೆ. ಕೇಳದೇ ಇರೋ ಡಬ್ಬಿಗಳನ್ನೂ ತಾನೇ ಸೇರಿಸಿಡುತ್ತೆ, ಅದನ್ನ ನೋಡಿದ ಗಿರಾಕಿ ಇದು ಬೇಕೇ ಬೇಕೇನೋ ಅಂದ್ಕೊಳ್ತಾರೆ. ಮೊದಲ ಹಂತಕ್ಕೆ ಖಂಡಿತ ಬೇಡ.

ದುಡ್ಡಿನ ವಿಷಯ: ಫಿಗ್ಮಾದ ಫ್ರೀ ಪ್ಲ್ಯಾನ್ ಸಣ್ಣ ಕೆಲಸಕ್ಕೆ ಧಾರಾಳವಾಗಿ ಸಾಕು, ಬಾಲ್ಸಾಮಿಕ್ ಕೆಲವು ದಿನ ಟ್ರಯಲ್ ಕೊಡುತ್ತೆ ಆಮೇಲೆ ದುಡ್ಡು. ಎರಡೂ ಬೇಡ, ಗಿರಾಕಿ ಮಾಹಿತಿ ಹೊರಗಿನ ಸರ್ವರಿಗೆ ಹೋಗಬಾರ್ದು ಅನ್ನೋರು ಪೆನ್‌ಪಾಟ್ ನೋಡಿ, ಓಪನ್ ಸೋರ್ಸ್, ನಮ್ಮದೇ ಸರ್ವರಲ್ಲಿ ಹಾಕ್ಕೋಬೋದು. ಬಾಲ್ಸಾಮಿಕ್‌ಗೆ ನಾನು ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಕನ್ನಡ ಅಕ್ಷರಕ್ಕೆ ಅರ್ಧ ಕಳೆದೆ. ಫಿಗ್ಮಾಗೆ ನಾಲ್ಕು.

ಹಳ್ಳಿ ಕಡೆ ಕೆಲಸ ಮಾಡೋರಿಗೆ ಇನ್ನೊಂದು ಮಾತು. ಫಿಗ್ಮಾಗೆ ಇಂಟರ್ನೆಟ್ ಬೇಕು, ಘಟ್ಟದ ಮೇಲಿನ ಎಷ್ಟೋ ಊರಲ್ಲಿ ಮಳೆ ಬಂದ್ರೆ ನೆಟ್‌ವರ್ಕ್ ಇರಲ್ಲ. ಬಾಲ್ಸಾಮಿಕ್‌ನ ಡೆಸ್ಕ್‌ಟಾಪ್ ಆವೃತ್ತಿ ನೆಟ್ ಇಲ್ದೇನೂ ನಡೆಯುತ್ತೆ, ಮತ್ತೆ ಪಿಡಿಎಫ್ ತೆಗೆದ್ರೆ ಸ್ಕ್ರೀನಿಂದ ಸ್ಕ್ರೀನಿಗೆ ಹೋಗೋ ಲಿಂಕ್‌ಗಳು ಅದರೊಳಗೇ ಉಳಿಯುತ್ತೆ. ಆ ಪಿಡಿಎಫ್‌ನ ವಾಟ್ಸಾಪಲ್ಲಿ ಕಳಿಸಿಬಿಡಿ, ಗುಮಾಸ್ತರು ರಾತ್ರಿ ಊಟ ಮುಗಿಸಿ ಮೊಬೈಲಲ್ಲಿ ಒತ್ತಿ ಒತ್ತಿ ನೋಡಿ ಬೆಳಿಗ್ಗೆ ಮೂರು ವಾಯ್ಸ್ ಮೆಸೇಜ್ ಹಾಕಿರ್ತಾರೆ, ಮೀಟಿಂಗಲ್ಲಿ ಅಧ್ಯಕ್ಷರ ಎದುರು ಹೇಳೋಕೆ ಹಿಂಜರಿದಿದ್ದೆಲ್ಲಾ ಅದ್ರಲ್ಲಿರುತ್ತೆ.